ನೀರು ಮಾರುವವನ ಚಿತ್ರ: ಒಂದು ವಿವೇಚನೆ

ಸ್ಪೇನ್ ದೇಶದ ಚಿತ್ರಕಾರ ವೆಲಾಸ್ಕೆಸ್ (1599–1660) ತನ್ನ ಇಪ್ಪತ್ತರ ಪ್ರಾಯದ ಆಸುಪಾಸಿನಲ್ಲಿ, ಹುಟ್ಟೂರಾದ ಸೆವಿಲ್‌ನಲ್ಲಿ ರಚಿಸಿದ ‘ನೀರು ಮಾರುವವನು’ ಎಂಬ ತೈಲಚಿತ್ರವು ಇಂದು ಲಂಡನ್ನಿನ ಆಪ್ಸ್ಲಿ ಹೌಸ್‌ನಲ್ಲಿದೆ. ಅದು ಅಲ್ಲಿಗೆ ಸೇರಿದ ವೃತ್ತಾಂತದಲ್ಲಿ ಕನ್ನಡ ನಾಡಿನ ಚರಿತ್ರೆಯ ಒಂದು ಎಳೆಯೂ ಇದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅದರ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ 1813ರ ವಿಟೋರಿಯಾ ಕಾಳಗದಲ್ಲಿ, ಓಡಿಹೋಗುತ್ತಿದ್ದ ಜೋಸೆಫ್ ಬೊನಪಾರ್ಟೆಯ ಸಾಮಾನಿನ ಬಂಡಿಗಳೊಡನೆ ಈ ಚಿತ್ರವನ್ನು ವಶಪಡಿಸಿಕೊಂಡನು. ಹಿಂದಿರುಗಿಸಲು ಮುಂದಾದಾಗ ಸ್ಪೇನಿನ ದೊರೆ ಏಳನೆಯ ಫರ್ಡಿನಾಂಡನು ಅದನ್ನು ಆತನಿಗೇ ಬಿಟ್ಟುಕೊಟ್ಟನು. ಬೀದಿಯ ಬಡವನೊಬ್ಬನ ಚಿತ್ರವು ಅರಮನೆಯಿಂದ ದಂಡನಾಯಕನ ಮನೆಗೆ ಸಾಗಿದ್ದು ವಿಚಿತ್ರವೇ ಸರಿ.

ಚಿತ್ರದ ವಸ್ತು ತೀರ ಸರಳವಾದುದು. ಹರಿದ ಕಂದು ಮೇಲಂಗಿಯ ಮುದುಕನೊಬ್ಬನು ಬಾಲಕನಿಗೆ ಗಾಜಿನ ಬಟ್ಟಲಿನಲ್ಲಿ ನೀರು ಕೊಡುತ್ತಿದ್ದಾನೆ. ಅಂಗಿಯ ಹರಕಿನಲ್ಲಿ ಒಳಗಿನ ಬಿಳುಪು ಕಾಣುತ್ತದೆ. ಇಬ್ಬರ ನಡುವೆ, ಹಿಂದಿನ ಕತ್ತಲೆಯಲ್ಲಿ, ಮೂರನೆಯವನೊಬ್ಬ ನೀರು ಕುಡಿಯುತ್ತಿದ್ದಾನೆ. ಆದರೆ ಮೊದಲು ಕಣ್ಣು ಸೆಳೆಯುವುದು ಇವರಾರೂ ಅಲ್ಲ, ಮುಂಭಾಗದ ದೊಡ್ಡ ಮಣ್ಣಿನ ಗಡಿಗೆ. ಕುಂಬಾರನ ತಿಗರಿ ತಿರುಗಿದಾಗ ಮೂಡಿದ ಉಂಗುರದಂಥ ಗೆರೆಗಳು ಅದರ ಮೈಮೇಲೆ ಸ್ಪಷ್ಟವಾಗಿವೆ. ಒಸರಿದ ನೀರು ಹನಿಗಟ್ಟಿ ಕೆಳಗಿಳಿದಿದೆ. ಬಟ್ಟಲಿನ ತಳದಲ್ಲಿ ಒಂದು ಅಂಜೂರದ ಹಣ್ಣಿದೆ. ನೀರಿಗೆ ಪರಿಮಳ ಬರಲೆಂದು ಹಾಕಿದ್ದಿರಬೇಕು. ಅತ್ತಿಗುಪ್ಪೆಯಲ್ಲಿ ಕುಳಿತು ಬರೆಯುವವನಿಗೆ, ಊರಿನ ಹೆಸರಿನಲ್ಲಿ ಕೇಳಿಬರುವ ಅತ್ತಿಯೂ ಅಂಜೂರವೂ ಒಂದೇ ಕುಲದ ಮರಗಳೆಂಬುದು ನೆನಪಾಗದಿರದು!

ಈ ಮೂವರು ಬಾಲ್ಯ, ಯೌವನ, ವಾರ್ಧಕ್ಯಗಳ ಪ್ರತೀಕಗಳೆಂದು ಕೆಲವು ವಿಮರ್ಶಕರು ಅರ್ಥೈಸಿದ್ದಾರೆ. ಈ ವ್ಯಾಖ್ಯಾನವು ನಮಗೆ ರುಚಿಸದು. ದುಡಿಯುವವನನ್ನು ನೋಡಿದೊಡನೆ ಅವನ ಹಿಂದೆ ಬೇರೇನೋ ಹಿರಿದಾದ ಅರ್ಥವಿರಲೇಬೇಕೆಂದು ಹುಡುಕುವುದು, ದುಡಿಮೆಯೇ ಅರ್ಥಕ್ಕೆ ಸಾಲದೆಂದು ಹೇಳಿದಂತೆ. ಮುದುಕನ ಎಡಗೈ ಗಡಿಗೆಯ ಹಿಡಿಯ ಮೇಲಿದೆ, ಬಲಗೈ ಬಟ್ಟಲನ್ನು ನೀಡುತ್ತಿದೆ, ದೃಷ್ಟಿ ತಗ್ಗಿದೆ. ಬಾಲಕನನ್ನಾಗಲಿ ನಮ್ಮನ್ನಾಗಲಿ ಅವನು ನೋಡುತ್ತಿಲ್ಲ. ಇದು ಕೆಲಸದಲ್ಲಿ ತೊಡಗಿದವನ ಮುಖ. ಕರುಣೆಯನ್ನು ಬೇಡುವ ಮುಖವಲ್ಲ. ಅಡುಗೆಮನೆ, ಊಟ, ಪಾನೀಯಗಳನ್ನು ಕುರಿತ ಇಂಥ ‘ಬೊದೆಗೋನ್’ ಚಿತ್ರಗಳನ್ನು ಕೀಳೆಂದೆಣಿಸುತ್ತಿದ್ದ ಕಾಲವದು. ವೆಲಾಸ್ಕೆಸನ ಗುರುವೂ ಮಾವನೂ ಆದ ಪಾಚೆಕೊ ತನ್ನ ಗ್ರಂಥದಲ್ಲಿ ಅವುಗಳ ಪರವಾಗಿ ವಾದಿಸಬೇಕಾಗಿ ಬಂದಿತು.

ಗಡಿಗೆಯ ಮಾತು ಬಂದಾಗ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹರಿಹರನ ಕುಂಬಾರ ಗುಂಡಯ್ಯನ ರಗಳೆ ನೆನಪಾಗುವುದು ಸಹಜ. ಅಲ್ಲಿ ಗುಂಡಯ್ಯನು ಮಡಕೆಯನ್ನು ಬಡಿಯುವ ನಾದಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಗುಂಡಯ್ಯನು ಕೆಲಸವನ್ನು ಬಿಟ್ಟು ಪೂಜೆಗೆ ಹೋದುದರಿಂದ ಶಿವನು ಬಂದುದಲ್ಲ. ಕೆಲಸದ ಸದ್ದನ್ನೇ ಅರಸಿ ಬಂದನು. ವೆಲಾಸ್ಕೆಸನಲ್ಲಿ ದೇವರಿಲ್ಲ, ನಾದವಿಲ್ಲ; ಇರುವುದು ಹಸಿಮಣ್ಣಿನ ತಂಪು ಮತ್ತು ಅದರ ಮೇಲೆ ಬಿದ್ದ ಬೆಳಕು. ಆದರೂ ಇಬ್ಬರ ಶ್ರದ್ಧೆಯೂ ಒಂದೇ ವಸ್ತುವಿನ ಮೇಲೆ ನೆಲೆನಿಂತಿದೆ.

ಅರವಟಿಗೆಯ ನಾಡಿನವರಾದ ನಮಗೆ ನೀರನ್ನು ಮಾರುವುದೇ ಒಪ್ಪದ ಸಂಗತಿ ಎನಿಸಬಹುದು. ಆದರೆ ದೂರದಿಂದ ಹೊತ್ತು ತಂದು, ತಂಪಾಗಿರಿಸಿ, ಬಟ್ಟಲಿಗೆ ಸುರಿದುಕೊಟ್ಟುದಕ್ಕೆ ಪಡೆಯುವ ಕಾಸು ದುಡಿಮೆಯ ಕಾಸೇ ಹೊರತು ಬೇರೆಯಲ್ಲ.

ನಮ್ಮ ತಕರಾರು ಇರುವುದು ಬೇರೆಡೆ. ಈ ಚಿತ್ರವು ಸೇರಿದ್ದು ಹ್ವಾನ್ ದೆ ಫೊನ್ಸೆಕ ಎಂಬ ಆಸ್ಥಾನದ ಪಾದ್ರಿಯ ಬಳಿಗೆ. ಆತನು ತೀರಿಕೊಂಡಮೇಲೆ, 1627ರಲ್ಲಿ, ಅವನ ಸ್ವತ್ತಿನ ಪಟ್ಟಿ ಮಾಡುವಾಗ ಸ್ವತಃ ವೆಲಾಸ್ಕೆಸನೇ ಇದಕ್ಕೆ 400 ರಿಯಾಲುಗಳ ಬೆಲೆ ಕಟ್ಟಿದನು. ಚಿತ್ರಕ್ಕೆ ಬೆಲೆ ಬಂದಿತು, ಒಡೆಯರು ಬಂದರು. ನೀರು ಮಾರುವವನಿಗೆ ಹೆಸರೂ ಬರಲಿಲ್ಲ, ಮಾತೂ ಬರಲಿಲ್ಲ. ತಂಜಾವೂರು ಮೊದಲಾದೆಡೆ ಕಂಪನಿಯ ಅಧಿಕಾರಿಗಳಿಗಾಗಿ ಬರೆದ ಕಸುಬುದಾರರ ಚಿತ್ರಗಳಿಗಿಂತ ಇದು ಎಷ್ಟೋ ಮೇಲು. ಅವುಗಳಲ್ಲಿ ನೇಕಾರ, ಬಡಗಿ, ಕಮ್ಮಾರರು ಬರಿಯ ಮಾದರಿಗಳಾಗಿ ನಿಲ್ಲುತ್ತಾರೆ. ಇಲ್ಲಿ ಒಬ್ಬ ಮನುಷ್ಯನಿದ್ದಾನೆ. ಆದರೆ ಅವನನ್ನು ಕಂಡವನು ಬೇರೊಬ್ಬ. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ದೋಣಿ ನಡೆಸುವವನೊಬ್ಬನು ‘ಅಂಬಿಗರ ಚೌಡಯ್ಯ’ ಎಂದು ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅಂಕಿತವಾಗಿ ಇರಿಸಿಕೊಂಡು, ತಾನೇ ಮಾತನಾಡಿದನು. ಅವನಿಗೆ ಚಿತ್ರಕಾರನ ದಯೆ ಬೇಕಿರಲಿಲ್ಲ. ತೈಲವರ್ಣವು ಎಷ್ಟೇ ನಿಪುಣವಾದರೂ ದಾಟಲಾರದ ಗೆರೆ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹೀಗೆಂದು ನಾವು ಹೆಮ್ಮೆಪಟ್ಟು ಸುಮ್ಮನಿರುವಂತಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿತು. ಆ ದಿನಗಳ ಬರಹಗಳಲ್ಲಿ ಲೀಟರುಗಳ ಲೆಕ್ಕವಿದೆ, ರೂಪಾಯಿಗಳ ಲೆಕ್ಕವಿದೆ. ಅಪರಾತ್ರಿಯಲ್ಲಿ ಪೈಪನ್ನು ಎಳೆದುತಂದು ಮನೆಯ ಸಂಪಿಗೆ ನೀರು ತುಂಬಿಸಿದವನ ಕೈಯನ್ನು ಹೀಗೆ ನಿಂತು ನೋಡಿದ ಒಂದು ಚಿತ್ರವಾಗಲಿ, ಅವನೇ ಆಡಿದ ಒಂದು ಮಾತಾಗಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ.