ಎಂಜೊ ಮಾರಿಯ ಮೊಳೆ ಮೇಜು

1974ರಲ್ಲಿ ಇಟಲಿಯ ವಿನ್ಯಾಸಕ ಎಂಜೊ ಮಾರಿ ಮಿಲಾನಿನಲ್ಲಿ ಮುಂದಿಟ್ಟ ‘ಆಟೊಪ್ರೊಜೆತ್ತಾಜಿಯೋನೆ’ಯ ಕತೆ ವಿನ್ಯಾಸದ ಬಗ್ಗೆ ಓದುವವರಿಗೆ ಗೊತ್ತಿದ್ದದ್ದೇ: ಹಲಗೆ, ಮೊಳೆ, ಸುತ್ತಿಗೆಯಲ್ಲೇ ಮುಗಿಯುವ ಪೀಠೋಪಕರಣಗಳ 19 ನಕ್ಷೆಗಳು, ಅಂಚೆ ಖರ್ಚು ಕಳಿಸಿದವರಿಗೆಲ್ಲ ಉಚಿತ, ಕಾರ್ಖಾನೆಗೂ ವ್ಯಾಪಾರಿಗೂ ಮಾತ್ರ ನಿಷೇಧ. ಇದಕ್ಕೆ ಸಂದ ಮನ್ನಣೆಯಲ್ಲಿ ಮುಕ್ಕಾಲು ಪಾಲು ಅದರ ರಾಜಕೀಯಕ್ಕೆ ಸಂದದ್ದು. ಬಡಗಿಯ ಕಣ್ಣಿನಿಂದ ನೋಡಿದರೆ ಹೊಗಳಬೇಕಾದ ಜಾಗವೂ ಬೇರೆ, ತೆಗಳಬೇಕಾದ ಜಾಗವೂ ಬೇರೆ.

ಮೇಜಿನ ಕಾಲನ್ನೇ ನೋಡಿ. ನುರಿತ ಬಡಗಿ ಕಾಲಿನಲ್ಲಿ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಕೆತ್ತಿ ಅದರೊಳಗೆ ಕೂರಿಸುತ್ತಾನೆ. ಮಾರಿ ಆ ಗೋಜಿಗೇ ಹೋಗುವುದಿಲ್ಲ. ಹಲಗೆಯ ಮೈಗೆ ಹಲಗೆಯ ಮೈ ತಾಗಿಸಿ ಮೊಳೆ ಹೊಡೆಸುತ್ತಾನೆ. ಇದು ಸೋಮಾರಿತನವಲ್ಲ. ಕಡಿದ ತುದಿಗೆ ಹೊಡೆದ ಮೊಳೆ ನಾರಿನ ಗುಂಟ ಇಳಿದು ಬೇಗ ಸಡಿಲವಾಗುತ್ತದೆ, ನಾರಿಗೆ ಅಡ್ಡಲಾಗಿ ಹೊಕ್ಕದ್ದು ಕಚ್ಚಿಕೊಳ್ಳುತ್ತದೆ. ಅಷ್ಟಾದರೂ ಬರೀ ಮೊಳೆಯ ಚೌಕಟ್ಟು ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ. ಅದಕ್ಕೇ ಓರೆಪಟ್ಟಿ. ಅದು ಬಿದ್ದ ಕೂಡಲೇ ಆಯತ ಎರಡು ತ್ರಿಕೋನವಾಗಿ, ಅಲುಗಾಟ ನಿಲ್ಲುತ್ತದೆ. ಮೇಜು ಯಾಕೆ ನಿಂತಿದೆ ಎಂಬುದು ಸುತ್ತಿಗೆ ಹಿಡಿದವನ ಕೈಗೇ ತಿಳಿಯುತ್ತದೆ. ಈ ಪಾಠವನ್ನು ಇಷ್ಟು ಬೆತ್ತಲಾಗಿ ಕಲಿಸುವ ಇನ್ನೊಂದು ಪೀಠೋಪಕರಣ ನನಗೆ ಗೊತ್ತಿಲ್ಲ.

ಆದರೆ ‘ಯಾರು ಬೇಕಾದರೂ ಮಾಡಬಹುದು’ ಎಂಬುದು ಪೈನ್ ಮರ ಅಗ್ಗವಾಗಿ ಸಿಗುವ ನಾಡಿನ ಮಾತು. ಅದೇ ನಕ್ಷೆಯನ್ನು ಮತ್ತಿಯ ಹಲಗೆಯಲ್ಲಿ ಮಾಡಹೊರಟರೆ ಮೊಳೆ ಬಾಗುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಬೈರಿಗೆಯಲ್ಲಿ ಮೊದಲೇ ತೂತು ಹಾಕದೆ ಗತಿಯಿಲ್ಲ. ಸರ್ವರಿಗೂ ಎಂದು ಸಾರಿದ ವಿನ್ಯಾಸ ಮೆದು ಮರದ ಮೇಲೆ ನಿಂತಿದೆ.

ಮೇಲ್ಹಲಗೆಯ ತಕರಾರು ಇನ್ನೂ ದೊಡ್ಡದು. ಊಟದ ಮೇಜಿಗೆ ಬಟ್ಟೆ ಹಾಸಬಹುದು. ಬರೆಯುವ ಮೇಜಿನ ಮೇಲೆ ಒಂದೇ ಹಾಳೆ ಇಟ್ಟು ಬರೆದರೆ ಪೆನ್ನಿನ ಮೊನೆ ಹಲಗೆಗಳ ಸಂದಿಗೆ ಇಳಿಯುತ್ತದೆ. ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಮರದಲ್ಲಿ ಆ ಸಂದಿ ಮುಚ್ಚಿಯೇ ಇರುವುದಿಲ್ಲ. ಪಾಲಿಶ್ ಕಾಣದ ಪೈನ್ ಚಹಾದ ಕಲೆಯನ್ನೂ ಶಾಯಿಯನ್ನೂ ಕುಡಿದುಬಿಡುತ್ತದೆ.

ಇಷ್ಟು ಹೇಳಿದರೆ, ಒರಟುತನವೇ ಈ ಕೃತಿಯ ಪ್ರಾಮಾಣಿಕತೆ, ನುಣುಪು ಮಾಡಿದರೆ ಮಾರಿಗೆ ದ್ರೋಹ ಎನ್ನುವ ವಿಮರ್ಶಕರು ಎದ್ದು ಬರುತ್ತಾರೆ. ಇವರು ಆ ಮೇಜನ್ನು ಛಾಯಾಚಿತ್ರದಲ್ಲಿ ನೋಡಿದವರು, ಅದರ ಮೇಲೆ ಮೊಣಕೈ ಊರಿದವರಲ್ಲ. ಜನ ಇದನ್ನು ಹಳ್ಳಿಗಾಡಿನ ಶೈಲಿ ಎಂದುಕೊಂಡರಲ್ಲ ಎಂದು ಸ್ವತಃ ಮಾರಿಯೇ ಗೊಣಗಿದ್ದ. ಮರ ಮುಟ್ಟಿ ಕಲಿಯಲಿ ಎಂದವನ ಹೆಸರಿನಲ್ಲಿ ಮರವನ್ನು ಉಜ್ಜಬೇಡಿ ಎನ್ನುವುದು ಎಂಥ ನಿಷ್ಠೆ? ಇನ್ನು ರಾಜಕೀಯವನ್ನೇ ಕೊಂಡಾಡುವವರು 2010ರ ಬಗ್ಗೆ ಮೆಲ್ಲಗೆ ಮಾತಾಡುತ್ತಾರೆ. ಆ ವರ್ಷ ಫಿನ್ಲೆಂಡಿನ ಆರ್ಟೆಕ್ ಕಂಪನಿ ಇದೇ ಸಾಲಿನ ಕುರ್ಚಿಯ ಹಲಗೆಗಳನ್ನು ಕತ್ತರಿಸಿ, ಮೊಳೆ ಸಮೇತ ಮಾರಲು ಶುರುಮಾಡಿತು, ಮಾರಿಯ ಒಪ್ಪಿಗೆಯಿಂದಲೇ. ಕಾರ್ಖಾನೆಗೆ ಬೇಡ ಎಂದ ನಕ್ಷೆ ಕಾರ್ಖಾನೆಯಿಂದಲೇ ಬಂದಮೇಲೂ ಅದು ಕ್ರಾಂತಿಯೇ ಎನ್ನಲು ಬಹಳ ಭಕ್ತಿ ಬೇಕು.

ಮಾಡಿ ನೋಡುವ ಮನಸ್ಸಿರುವವರು ಕಾಲು, ಓರೆಪಟ್ಟಿಗಳ ಮಟ್ಟಿಗೆ ಮಾರಿಯನ್ನು ಕಣ್ಣುಮುಚ್ಚಿ ನಂಬಿ. ಮೇಲ್ಹಲಗೆಗೆ ಬಂದಾಗ ನಕ್ಷೆ ಪಕ್ಕಕ್ಕಿಡಿ: ಪ್ರತಿ ಹಲಗೆಗೂ ಅಗಲದ ನಡುವೆ ಮಾತ್ರ ಮೊಳೆ ಹೊಡೆದು ಹಿಗ್ಗಲು ಜಾಗ ಬಿಡಿ, ಮೊಳೆತಲೆಗಳನ್ನು ಒಳಗಿಳಿಸಿ ಮುಚ್ಚಿ, ಉಜ್ಜಿ. ಪಾಲಿಶನ್ನು ಮೇಲ್ಮೈಗಷ್ಟೇ ಅಲ್ಲ, ಹಲಗೆಯ ಅಡಿಗೂ ಕೊಡಿ. ಒಂದೇ ಮಗ್ಗುಲಿಗೆ ಕೊಟ್ಟರೆ ತೇವ ಇನ್ನೊಂದು ಮಗ್ಗುಲಿಂದ ಹೊಕ್ಕು ಹಲಗೆ ಡೊಂಕಾಗುತ್ತದೆ.