ಕೂಡಲಿಗೂ ಎಟುಕದ ಮೂವರು

ತುಂಗೆ ಶಿವಮೊಗ್ಗವನ್ನು ತಾಗಿ ಹರಿಯುತ್ತಾಳೆ, ಭದ್ರೆ ಭದ್ರಾವತಿಯನ್ನು. ಗಂಗಾಮೂಲದಲ್ಲಿ ಹುಟ್ಟಿದ ಇಬ್ಬರೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತಾರೆ. ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತರ ತ್ರಿತ್ವವನ್ನು ಈ ಸೀಮೆಯಲ್ಲಿ ಬಿಡಿಸಿ ಹೇಳಬೇಕೆಂದರೆ ಕೈಗೆ ಮೊದಲು ಸಿಗುವುದು ಕೂಡಲಿಯೇ. ಆದರೆ ಕೂಡಲಿ ದಾಟಿದ ಮೇಲೆ ಬೊಗಸೆ ನೀರೆತ್ತಿ ಇದು ತುಂಗೆ, ಇದು ಭದ್ರೆ ಎನ್ನಲಾದೀತೆ? ತ್ರಿತ್ವದಲ್ಲಿ ಯಾರೂ ಯಾರೊಳಗೂ ಕರಗಿಹೋಗುವುದಿಲ್ಲ. ಒಬ್ಬನೇ ದೇವರು ಮೂರು ರೂಪದಲ್ಲಿ ತೋರಿಕೊಂಡ, ಅಷ್ಟೇ ಎಂಬ ಸಬೆಲ್ಲಿಯಸ್‌ನ ವಾದವನ್ನು ಕ್ರೈಸ್ತಸಭೆ ಮೂರನೆಯ ಶತಮಾನದಲ್ಲೇ ತಳ್ಳಿಹಾಕಿತು.

ನೀರಿನ ಹೋಲಿಕೆ ಬಲು ಹಳೆಯದು. ಕಾರ್ಥೇಜಿನ ತೆರ್ತುಲ್ಲಿಯನ್ ಅದೇ ಶತಮಾನದ ಆರಂಭದಲ್ಲಿ ಒರತೆ, ಹೊಳೆ, ಕಾಲುವೆ ಎಂದಿದ್ದ. ಭದ್ರಾವತಿಯವರಿಗೆ ಇದು ಕಣ್ಣಿಗೆ ಕಟ್ಟುವ ಚಿತ್ರ: ಗಂಗಾಮೂಲದ ಒರತೆ, ಭದ್ರೆ, ಲಕ್ಕವಳ್ಳಿ ಅಣೆಕಟ್ಟೆಯಿಂದ ಹೊರಟ ನಾಲೆ. ಪವಿತ್ರಾತ್ಮನ ಪಾಲಿಗೆ ನಾಲೆ ಬಂದದ್ದು ನನಗೆ ಬಹಳ ರುಚಿಸಿತು. ಬೆಟ್ಟದ ನೆತ್ತಿಯ ನೀರು ಗದ್ದೆಯ ಬುಡ ಮುಟ್ಟುವುದು ಅದರಿಂದಲೇ ತಾನೆ! ಆದರೂ ಒರತೆ ಮೊದಲು, ನಾಲೆ ಆಮೇಲೆ. ತೂಬು ಇಳಿಸಿದರೆ ನಾಲೆ ಬತ್ತುತ್ತದೆ. ಸುತ ಆಮೇಲಿನವನು, ಸೃಷ್ಟಿಯಾದವನು ಎಂದು ಆರಿಯಸ್ ಹೇಳಿದಾಗ 325ರ ನೈಸಿಯಾ ಮಹಾಸಭೆ ಒಪ್ಪಲಿಲ್ಲ. ಪಿತನ ತತ್ತ್ವವೇ ಸುತನದೂ ಎಂದಿತು. ಪವಿತ್ರಾತ್ಮನಿಗೂ ಸರಿಸಮನಾದ ಆರಾಧನೆ ಸಲ್ಲಬೇಕೆಂಬುದು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗಟ್ಟಿಯಾಯಿತು.

ನಮಗೆ ಥಟ್ಟನೆ ತ್ರಿಮೂರ್ತಿಗಳು ನೆನಪಾಗುತ್ತಾರೆ. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ಇಲ್ಲಿ ಹಂಚಿಕೆಯಿಲ್ಲ, ಒಬ್ಬರು ಮಾಡಿದ್ದು ಮೂವರೂ ಮಾಡಿದ್ದು.

ಹೋಲಿಕೆಗಳನ್ನು ಬಿಟ್ಟು ಆರಾಧನೆಯತ್ತ ನೋಡೋಣ. ಶಿವಮೊಗ್ಗದ ಕಥೋಲಿಕರ ಸೇಕ್ರೆಡ್ ಹಾರ್ಟ್ ಚರ್ಚು ಸುಮಾರು 18,000 ಚದರಡಿಯ ದೊಡ್ಡ ದೇವಾಲಯ, ರೋಮನ್ ಮತ್ತು ಗಾಥಿಕ್ ಶೈಲಿಗಳ ಬೆರಕೆ. ಹೆಸರಿನಲ್ಲೂ ಪ್ರತಿಮೆಯಲ್ಲೂ ಸುತನೇ ಎದ್ದುಕಾಣುತ್ತಾನೆ. ಮೂವರೂ ಒಟ್ಟಿಗೆ ಸಿಗುವುದು ಬೇರೆ ಕಡೆ, ಬಂದವರ ಕೈಯಲ್ಲಿ. ಬಲಿಪೂಜೆ ಎಂಬ ಚರ್ಚಿನ ಆರಾಧನೆ ಶುರುವಾಗುವಾಗ ಬಲಗೈ ಹಣೆ ಮುಟ್ಟಿ ಪಿತನನ್ನು, ಎದೆಗಿಳಿದು ಸುತನನ್ನು, ಎಡಭುಜದಿಂದ ಬಲಭುಜಕ್ಕೆ ಸಾಗುತ್ತ ಪವಿತ್ರಾತ್ಮನನ್ನು ಹೆಸರಿಸುತ್ತದೆ. ಬಾಯಿ ಮೂರು ಹೇಳುತ್ತದೆ, ಕೈ ಬರೆಯುವುದು ಒಂದೇ ಶಿಲುಬೆ. ಅಜ್ಜಿಯನ್ನು ನೋಡಿ ಕಲಿಯುವ ಮಗು ಎಡ–ಬಲ ಅದಲುಬದಲು ಮಾಡಿದರೂ ಶಿಲುಬೆ ಕೆಡುವುದಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ನಾನು ಸವಿದು ನೋಡುವುದು ಈ ಪುಟ್ಟ ಚಲನೆಯನ್ನೇ. ಎಷ್ಟೋ ಜನ ಅದನ್ನು ನೊಣ ಓಡಿಸುವ ಅವಸರದಲ್ಲಿ ಮುಗಿಸುತ್ತಾರೆ, ಅದು ಬೇರೆ ಮಾತು.

ಹೋಲಿಕೆ ಹುಡುಕಿದವರು ನಮ್ಮಲ್ಲೂ ಇದ್ದಾರೆ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ತ್ರಿತ್ವವನ್ನು ಸಚ್ಚಿದಾನಂದವೆಂದು ಸಂಸ್ಕೃತದಲ್ಲಿ ಸ್ತುತಿಸಿದರು. ಪಿತ ಸತ್, ಸುತ ಚಿತ್, ಪವಿತ್ರಾತ್ಮ ಆನಂದ. ಮೂರನೆಯವನಿಗೆ ಆನಂದವೆಂಬ ಸ್ಥಾನ ಕೊಟ್ಟದ್ದಕ್ಕೇ ಅವರಿಗೆ ಕೈಮುಗಿಯಬೇಕು. ದೈವಶಾಸ್ತ್ರದ ಪುಸ್ತಕಗಳಲ್ಲಿ ಪವಿತ್ರಾತ್ಮನಿಗೆ ಕೊನೆಯ ಅಧ್ಯಾಯ ಸಿಕ್ಕರೆ ಹೆಚ್ಚು.

ಸಂತ ಆಗಸ್ಟೀನರದು ಇದಕ್ಕೆ ಹತ್ತಿರದ ದಾರಿ. ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು, ನಡುವಿನ ಪ್ರೀತಿ. ಲೋಕ ಹುಟ್ಟುವ ಮುನ್ನವೂ ದೇವರು ಒಂಟಿಯಾಗಿರಲಿಲ್ಲ ಎಂಬ ಈ ಎಣಿಕೆಯ ಸೊಗಸೇ ಸೊಗಸು. ಮಗನಿಲ್ಲದೆ ತಂದೆ ತಂದೆಯಾಗುವುದಾದರೂ ಹೇಗೆ? ತ್ರಿತ್ವದ ಮೇಲೆ ಹದಿನೈದು ಭಾಗಗಳ ಗ್ರಂಥವನ್ನು ಆಗಸ್ಟೀನರು ವರ್ಷಗಟ್ಟಲೆ ಬರೆದರು. ಕೊನೆಯ ಭಾಗದಲ್ಲಿ, ತಾವೇ ಮುದ್ದಿನಿಂದ ಬೆಳೆಸಿದ ಹೋಲಿಕೆಗಳು ಎಲ್ಲೆಲ್ಲಿ ಸೋಲುತ್ತವೆಂದು ತೋರಿಸಿ, ನನ್ನ ಅತಿಮಾತಿನಿಂದ ಬಿಡುಗಡೆ ಕೊಡು ಎಂದು ದೇವರನ್ನು ಬೇಡಿಕೊಂಡರು.