ಒತ್ತೆಯಾದವಳು ಬರೆದ ಲೆಕ್ಕ

ಗಂಡನ ಜೀವನಚರಿತ್ರೆಯನ್ನು ಹೆಂಡತಿಯೇ ಬರೆದರೆ ಅದನ್ನು ಎಷ್ಟು ನಂಬಬೇಕು? 1667ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕಕ್ಕೆ ಈ ಪ್ರಶ್ನೆ ಅಂದಿನಿಂದಲೂ ಅಂಟಿಕೊಂಡಿದೆ. ನ್ಯೂಕಾಸಲ್‌ನ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್‌ನ ಬದುಕನ್ನು, ಅವನು ಬದುಕಿದ್ದಾಗಲೇ, ಅವನ ಎರಡನೆಯ ಹೆಂಡತಿ ಮಾರ್ಗರೆಟ್ ಬರೆದಳು. ಮರುವರ್ಷ ಅದನ್ನು ಓದಿದ ಸ್ಯಾಮ್ಯುಯೆಲ್ ಪೀಪ್ಸ್, ಬರೆದವಳಿಗೆ ಹುಚ್ಚು, ಬರೆಯಲು ಬಿಟ್ಟ ಗಂಡ ಕತ್ತೆ ಎಂಬರ್ಥದಲ್ಲಿ ತನ್ನ ದಿನಚರಿಯಲ್ಲಿ ಬೈದುಕೊಂಡ. ಒಂದೂವರೆ ಶತಮಾನದ ಮೇಲೆ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಅದೇ ಪುಸ್ತಕವನ್ನು ಒಡವೆಯಂತೆ ಜೋಪಾನ ಮಾಡಬೇಕು ಎಂದ. ಇಬ್ಬರ ಕಣ್ಣಿಗೂ ಬಿದ್ದದ್ದು ಮಾರ್ಗರೆಟ್‌ಳ ಪತಿಭಕ್ತಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಲೆಕ್ಕ.

ಮೊದಲು ಕಥೆ. 1642ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ, ದೇಶದ ಉತ್ತರ ಭಾಗವನ್ನು ದೊರೆ ನ್ಯೂಕಾಸಲ್‌ನ ಕೈಗೆ ಒಪ್ಪಿಸಿದ. ದೊಡ್ಡ ಜಮೀನುದಾರ, ಕುದುರೆ ಸವಾರಿಯಲ್ಲಿ ನಿಪುಣ, ಕವಿಗಳ ಪೋಷಕ. ಆದರೆ ಸೇನಾಪತಿಯಾಗಿ ಪಳಗಿದವನಲ್ಲ. ಆದರೂ 1643ರ ಜೂನ್ 30ರಂದು ಆ್ಯಡ್ವಾಲ್ಟನ್ ಬಯಲಿನಲ್ಲಿ ಪಾರ್ಲಿಮೆಂಟಿನ ಸೈನ್ಯವನ್ನು ಸೋಲಿಸಿ ಯಾರ್ಕ್‌ಷೈರಿನ ಬಹುಭಾಗವನ್ನು ಹಿಡಿದ. ಮರುವರ್ಷ ಸ್ಕಾಟ್ ಸೈನ್ಯ ಪಾರ್ಲಿಮೆಂಟಿನ ನೆರವಿಗೆ ಇಳಿಯಿತು. ನ್ಯೂಕಾಸಲ್ ಯಾರ್ಕ್ ಕೋಟೆಯೊಳಗೆ ಸಿಕ್ಕಿಬಿದ್ದ. ಬಿಡಿಸಲು ಬಂದ ದೊರೆಯ ಸೋದರಳಿಯ ರೂಪರ್ಟ್ ಕೂಡಲೇ ಯುದ್ಧವಾಗಬೇಕು ಎಂದು ಹಟ ಹಿಡಿದ; ಇನ್ನಷ್ಟು ಬಲ ಬರುವವರೆಗೆ ಕಾಯೋಣ ಎಂಬ ನ್ಯೂಕಾಸಲ್‌ನ ಮಾತು ನಡೆಯಲಿಲ್ಲ. 1644ರ ಜುಲೈ 2ರ ಸಂಜೆ, ಮಾರ್ಸ್ಟನ್ ಮೂರ್‌ನಲ್ಲಿ, ಎರಡು ಗಂಟೆಯೊಳಗೆ ಉತ್ತರವೆಲ್ಲ ದೊರೆಯ ಕೈತಪ್ಪಿತು.

ನ್ಯೂಕಾಸಲ್ ಸ್ಕಾರ್ಬರೋ ಬಂದರಿಗೆ ಹೋಗಿ ಹಡಗು ಹತ್ತಿದ. ಎಷ್ಟು ಹಣ ಉಳಿದಿದೆ ಎಂದು ಪಾರುಪತ್ಯಗಾರನನ್ನು ಕೇಳಿದ. ತೊಂಬತ್ತು ಪೌಂಡ್ ಎಂಬ ಉತ್ತರ ಬಂತು. ಅವನು ತಾಯ್ನಾಡಿಗೆ ಮರಳಿದ್ದು ಹದಿನಾರು ವರ್ಷದ ಮೇಲೆ, 1660ರಲ್ಲಿ.

ಯುದ್ಧ ಇನ್ನೂ ಮುಗಿದಿರದಾಗ ಸೇನಾಪತಿ ದೇಶ ಬಿಟ್ಟದ್ದು ಸರಿಯೇ? ದೊರೆಯ ಪಕ್ಷದವನೇ ಆದ ಕ್ಲಾರೆಂಡನ್ ತನ್ನ ಇತಿಹಾಸದಲ್ಲಿ, ನ್ಯೂಕಾಸಲ್‌ಗೆ ಸೇನಾಪತಿಯ ಠೀವಿ ಇಷ್ಟವಿತ್ತು, ದುಡಿತ ಇಷ್ಟವಿರಲಿಲ್ಲ ಎಂದು ಚುಚ್ಚುತ್ತಾನೆ. ಮಾರ್ಗರೆಟ್ ಇಂಥ ಚರ್ಚೆಗೆ ಇಳಿಯುವುದಿಲ್ಲ. ಬೇರೆ ಮನೆತನಗಳಿಗೆ ಕುಂದು ತರುವ ಯಾವುದನ್ನೂ ಬರೆಯಕೂಡದು ಎಂದು ಗಂಡ ಅಪ್ಪಣೆ ಮಾಡಿದ್ದಾನೆ ಎಂದು ಮುನ್ನುಡಿಯಲ್ಲೇ ಹೇಳಿಬಿಡುತ್ತಾಳೆ. ಹೀಗಾಗಿ ರೂಪರ್ಟ್ ಆಡಿದ್ದು, ಮಾಡಿದ್ದು ಬರುತ್ತದೆ. ಸೋಲಿನ ಹೊಣೆ ಯಾರದು ಎಂಬ ತೀರ್ಪು ಬರುವುದಿಲ್ಲ. ಯುದ್ಧದ ದಿನದ ಪುಟಗಳು ಇದರಿಂದ ಸಪ್ಪೆಯಾಗಿವೆ. ನ್ಯೂಕಾಸಲ್‌ನ ಸ್ವಂತ ಪಡೆ ‘ಬಿಳಿಯಂಗಿ’ಯವರದು. ಕೆಂಪು ಬಟ್ಟೆ ಸಾಲದಾಗಿ ಬಿಳಿಯದನ್ನು ತರಿಸಿದಾಗ, ಬಣ್ಣ ಹಾಕಿಸುವವರೆಗೆ ಕಾಯುವುದಿಲ್ಲ, ಶತ್ರುವಿನ ರಕ್ತದಲ್ಲಿ ನಾವೇ ಅದ್ದಿಕೊಳ್ಳುತ್ತೇವೆ ಎಂದರಂತೆ ಅವರು. ಈ ಕಥೆಯನ್ನು ಮಾರ್ಗರೆಟ್ ಹುರುಪಿನಿಂದ ಹೇಳುತ್ತಾಳೆ. ಅದೇ ಜನ ಸಾಲು ಕದಲದೆ ಸತ್ತದ್ದನ್ನು ಅವರ ಶೌರ್ಯವನ್ನು ಮೆಚ್ಚುವ ಒಂದೇ ವಾಕ್ಯದಲ್ಲಿ ಮುಗಿಸುತ್ತಾಳೆ.

ಪುಸ್ತಕದ ದನಿ ಬದಲಾಗುವುದು ನಷ್ಟದ ಪಟ್ಟಿಗೆ ಬಂದಾಗ. ವರ್ಷದ ಗೇಣಿ ಸುಮಾರು 22,393 ಪೌಂಡ್. ಹದಿನೆಂಟು ವರ್ಷಕ್ಕೆ 4,03,083. ಅದಕ್ಕೆ ನೂರಕ್ಕೆ ಆರರಂತೆ ಚಕ್ರಬಡ್ಡಿ ಸೇರಿಸಿದರೆ 7,33,579. ಕಡಿದುಹೋದ ಕಾಡಿಗೆ 45,000. ಕೈಬಿಟ್ಟ ಜಮೀನು, ಸಾಲ ತೀರಿಸಲು ಮಾರಿದ ಜಮೀನು ಎಲ್ಲ ಕೂಡಿ ಒಟ್ಟು 9,41,303 ಪೌಂಡ್. ಕೆಲಸದ ಅಭ್ಯಾಸಬಲದಿಂದ ಬಡ್ಡಿಯನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಪ್ರತಿವರ್ಷದ ಗೇಣಿ ವರ್ಷದ ಮೊದಲಿಗೇ ಕೈಸೇರುತ್ತದೆ ಎಂದು ಹಿಡಿದರೆ ನಲವತ್ತು ಪೌಂಡಿನೊಳಗಿನ ವ್ಯತ್ಯಾಸದಲ್ಲಿ ಅವಳ ಮೊತ್ತವೇ ಬರುತ್ತದೆ. ಗುಣಾಕಾರದಲ್ಲಿ ಹುಚ್ಚೇನೂ ಇಲ್ಲ.

ತಕರಾರು ಇರುವುದು ಆ ಲೆಕ್ಕದ ಬುಡದಲ್ಲಿ. ಒಟ್ಟು ನಷ್ಟದಲ್ಲಿ 3,30,496 ಪೌಂಡ್, ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು, ಬರೀ ಬಡ್ಡಿ. ಗೇಣಿಯ ಒಂದು ಕಾಸನ್ನೂ ಖರ್ಚು ಮಾಡದೆ ಕೂಡಿಡುವವನಿಗೆ ಮಾತ್ರ ಅದು ಸಿಗುತ್ತಿತ್ತು. ನ್ಯೂಕಾಸಲ್ ಎಂಥವನು? 1633ರಲ್ಲಿ ವೆಲ್ಬೆಕ್‌ನಲ್ಲಿ ದೊರೆಗೆ ಕೊಟ್ಟ ಔತಣಕ್ಕೆ ನಾಲ್ಕೈದು ಸಾವಿರ ಪೌಂಡ್, ಮರುವರ್ಷ ಬೋಲ್ಸೋವರ್‌ನಲ್ಲಿ ಹದಿನಾಲ್ಕು ಹದಿನೈದು ಸಾವಿರ ಸುರಿದವನು. ಎರಡಕ್ಕೂ ಬೆನ್ ಜಾನ್ಸನ್‌ನಿಂದ ಆಟ ಬರೆಸಿದ್ದ. ಈ ಖರ್ಚನ್ನು ಮಾರ್ಗರೆಟ್ಟೇ ಹೆಮ್ಮೆಯಿಂದ ದಾಖಲಿಸುತ್ತಾಳೆ. ದೇಶ ಬಿಟ್ಟ ಮೇಲೂ ಅವನು ಬದಲಾಗಲಿಲ್ಲ. ಆ್ಯಂಟ್‌ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸ್‌ನ ಮನೆಯನ್ನು ಬಾಡಿಗೆ ಹಿಡಿದ, ಸಾಲದಲ್ಲಿ ಕುದುರೆ ಕೊಂಡ, 1658ರಲ್ಲಿ ದುಬಾರಿ ಚಿತ್ರಫಲಕಗಳಿರುವ ಸವಾರಿವಿದ್ಯೆಯ ಗ್ರಂಥ ಹೊರತಂದ. ಇವನ ಹೆಸರಿನಲ್ಲಿ ಹದಿನೆಂಟು ವರ್ಷದ ಚಕ್ರಬಡ್ಡಿ ಕಟ್ಟುವುದು ನಂಬುವ ಮಾತಲ್ಲ.

ಹಾಗಾದರೆ ಯಾಕೆ ಕಟ್ಟಿದಳು? ಪುಸ್ತಕ ಅರ್ಪಿತವಾಗಿರುವುದು ದೊರೆ ಎರಡನೆಯ ಚಾರ್ಲ್ಸ್‌ಗೆ. ಬಾಲ್ಯದಲ್ಲಿ ನ್ಯೂಕಾಸಲ್‌ನ ಮೇಲ್ವಿಚಾರಣೆಯಲ್ಲಿ ಬೆಳೆದವನು ಆತ. ಪಟ್ಟಕ್ಕೆ ಬಂದ ಮೇಲೆ 1665ರಲ್ಲಿ ಡ್ಯೂಕ್ ಪದವಿ ಕೊಟ್ಟ. ಕಳೆದುಹೋದ ಹಣ ತುಂಬಿಕೊಡಲಿಲ್ಲ. ಭಕ್ತಿಯ ಹೊದಿಕೆಯಡಿ ಇರುವುದು ದೊರೆಗೆ ಕಳಿಸಿದ ಬಿಲ್ಲು. ಬಿಲ್ಲಿನಲ್ಲಿ ಮೊತ್ತವನ್ನು ಯಾರೂ ಕಡಿಮೆ ಹಿಡಿಯುವುದಿಲ್ಲ.

ಆದರೆ ಆ ಬಿಲ್ಲಿಗೆ ಸೇರದ ಕೆಲವು ಬಾಬ್ತುಗಳಿವೆ. ಪ್ಯಾರಿಸ್ಸಿನಲ್ಲಿ ಒಂದು ದಿನ ಸಾಲಗಾರರು ಕೈಯೆತ್ತಿಬಿಟ್ಟು ಊಟಕ್ಕೂ ತತ್ವಾರವಾದಾಗ ಅವಳ ಬಟ್ಟೆ ಒತ್ತೆಯಿಡುವ ಮಾತು ಬಂತು. 1648ರಲ್ಲಿ ಅವಳ ಅಣ್ಣ ಚಾರ್ಲ್ಸ್ ಲ್ಯೂಕಸ್‌ನನ್ನು ಕೋಲ್ಚೆಸ್ಟರ್‌ನಲ್ಲಿ ಪಾರ್ಲಿಮೆಂಟಿನ ಕಡೆಯವರು ಗುಂಡಿಟ್ಟು ಕೊಂದರು. 1651ರಲ್ಲಿ ಮುಟ್ಟುಗೋಲಾದ ಆಸ್ತಿಯಲ್ಲಿ ಹೆಂಡತಿಯ ಪಾಲು ಕೇಳಲು ಲಂಡನ್ನಿನ ಸಮಿತಿಯ ಮುಂದೆ ಹೋದಳು. ಅವನು ದ್ರೋಹಿಯಾದ ಮೇಲೆ ಮದುವೆಯಾದವಳಿಗೆ ಏನೂ ಇಲ್ಲ ಎಂದರು. ಕೊನೆಗೆ 1660ರಲ್ಲಿ ದೊರೆ ಮರಳುವ ಸಂಭ್ರಮಕ್ಕೆ ನ್ಯೂಕಾಸಲ್ ಓಡಿದಾಗ, ಆ್ಯಂಟ್‌ವರ್ಪ್‌ನ ಸಾಲಗಳಿಗೆ ಒತ್ತೆಯಾಗಿ ಅಲ್ಲೇ ಉಳಿದದ್ದು ಮಾರ್ಗರೆಟ್. ಅವನು ಹಣ ಹೊಂದಿಸಿ ಕರೆಸಿಕೊಳ್ಳುವವರೆಗೆ ಅವಳು ಹೊರಡುವಂತಿರಲಿಲ್ಲ. ತಾನು ಒತ್ತೆಯಾಗಿದ್ದೆ ಎಂದು ಅವಳೇ ಬರೆಯುತ್ತಾಳೆ, ದೂರಿನ ಒಂದು ಮಾತೂ ಇಲ್ಲದೆ.

ಕಡಿದ ಮರಕ್ಕೆ ಬೆಲೆ ಕಟ್ಟಿದವಳು ತನಗೆ ಕಟ್ಟಲಿಲ್ಲ. ಪತಿಭಕ್ತಿಯ ಪುಸ್ತಕ ಎಂದು ಮೆಚ್ಚಿದವರೂ ನಕ್ಕವರೂ ಈ ಬಾಬ್ತನ್ನು ನೋಡದೆ ಪುಟ ತಿರುಗಿಸಿದ್ದಾರೆ. ನನ್ನ ಮಟ್ಟಿಗೆ ಆ ಅಂತರ್ಯುದ್ಧ ನಿಜವಾಗಿ ಕಾಣುವುದು ಇಲ್ಲೇ. ಶ್ರೀಮಂತನೊಬ್ಬನ ನಿಷ್ಠೆಗೆ ತೆತ್ತ ಬೆಲೆಯಲ್ಲಿ ಎಷ್ಟೋ ಪಾಲು ಅವನ ಹೆಸರಿನ ಖಾತೆಗೆ ಬರುವುದೇ ಇಲ್ಲ. ಬಿಳಿಯಂಗಿಯವರ ಪಾಲು, ಹೆಂಡತಿಯ ಪಾಲು ಕಥೆಯಲ್ಲಿದೆ, ಮೊತ್ತದಲ್ಲಿಲ್ಲ.

ಪುಸ್ತಕದಲ್ಲಿ ನಾಲ್ಕು ಭಾಗಗಳಿವೆ. ಗಂಡನ ಮಾತುಗಳನ್ನು ಕೂಡಿಸಿಟ್ಟ ನಾಲ್ಕನೆಯದು ಬೇಸರ ತರುತ್ತದೆ, ಬಿಟ್ಟರೂ ನಷ್ಟವಿಲ್ಲ. ಓದಬೇಕೆಂದಿರುವವರು ಪರದೇಶವಾಸದ ಎರಡನೆಯ ಭಾಗದಿಂದ ಶುರು ಮಾಡಿ. ಗೆದ್ದ ಯುದ್ಧಗಳನ್ನು ಆಮೇಲೆ ಓದಿದರಾಯಿತು.